ಸಬ್ಬತ್ತಿನ ವಿಶ್ರಾಂತಿ: ಸ್ಮರಣೆ ಮತ್ತು ಪಾಲನೆ

ವಾರಕ್ಕೊಂದು ದಿನ ಕೆಲಸಕ್ಕೆ ಬಿಡುವು ಇರಬೇಕೆಂಬುದು ಇಂದು ಬಹುತೇಕ ಎಲ್ಲ ದೇಶಗಳಲ್ಲೂ ಒಪ್ಪಿತವಾದ ಸಂಗತಿ. ಕಚೇರಿ, ಕಾರ್ಖಾನೆ, ಪಾಠಶಾಲೆಗಳು ಈ ಏರ್ಪಾಡಿಗೆ ಎಷ್ಟು ಒಗ್ಗಿಹೋಗಿವೆಯೆಂದರೆ, ಅದರ ಹಿಂದೆ ಒಂದು ಧರ್ಮಚಿಂತನೆ ಇದೆಯೆಂಬುದೇ ಮರೆತುಹೋಗಿದೆ. ಆರು ದಿನ ದುಡಿದವನು ಏಳನೆಯ ದಿನ ದಣಿವಾರಿಸಿಕೊಂಡರೆ ಮತ್ತೆ ಆರು ದಿನ ಚೆನ್ನಾಗಿ ದುಡಿಯಬಲ್ಲನು ಎಂಬುದೇ ರಜೆಗೆ ಸಾಮಾನ್ಯವಾಗಿ ಕೊಡುವ ಸಮರ್ಥನೆ. ಈ ಸಮರ್ಥನೆಯಲ್ಲಿ ದುಡಿಮೆಯೇ ಒಡೆಯ, ವಿಶ್ರಾಂತಿ ಅದರ ಆಳು. ಯೆಹೂದ್ಯ ಧರ್ಮದ ಸಬ್ಬತ್ ಈ ಕ್ರಮವನ್ನು ತಲೆಕೆಳಗು ಮಾಡುತ್ತದೆ. ಅಲ್ಲಿ ಏಳನೆಯ ದಿನವಿರುವುದು ಆರು ದಿನಗಳಿಗಾಗಿ ಅಲ್ಲ. ಆರು ದಿನಗಳು ಇರುವುದೇ ಏಳನೆಯ ದಿನಕ್ಕಾಗಿ.

ಈ ಮಾತನ್ನು ಕಳೆದ ಶತಮಾನದಲ್ಲಿ ಅತ್ಯಂತ ಸುಂದರವಾಗಿ ಪ್ರತಿಪಾದಿಸಿದ ಗ್ರಂಥವೆಂದರೆ ಅಬ್ರಹಾಂ ಜೋಶುವಾ ಹೆಶೆಲ್ ಅವರು 1951ರಲ್ಲಿ ಪ್ರಕಟಿಸಿದ ‘ದ ಸಬ್ಬತ್’. ಗಾತ್ರದಲ್ಲಿ ಚಿಕ್ಕದು, ಇಲ್ಯಾ ಶೋರ್ ಅವರ ಮರದಚ್ಚಿನ ಚಿತ್ರಗಳಿಂದ ಕೂಡಿದ್ದು. ಆಧುನಿಕ ಮನುಷ್ಯನಿಗೆ ಸಬ್ಬತ್ತಿನ ಅರ್ಥವೇನು ಎಂಬುದನ್ನು ತಿಳಿಸುವುದೇ ತನ್ನ ಉದ್ದೇಶವೆಂದು ಅದರ ಉಪಶೀರ್ಷಿಕೆಯೇ ಹೇಳುತ್ತದೆ. ಪ್ರಕಟವಾಗಿ ಏಳು ದಶಕಗಳು ಕಳೆದರೂ ಯೆಹೂದ್ಯರೂ ಕ್ರೈಸ್ತರೂ ಅದನ್ನು ಸಮಾನ ಆಸ್ಥೆಯಿಂದ ಓದುತ್ತ ಬಂದಿದ್ದಾರೆ. ಈ ಗ್ರಂಥದ ಹಿರಿಮೆ ಯಾವುದು, ಅದು ಹಿಂದೆ ಬಿಟ್ಟುದು ಯಾವುದು ಎಂಬ ಎರಡೂ ಪ್ರಶ್ನೆಗಳು ವಿಚಾರಕ್ಕೆ ಅರ್ಹವಾಗಿವೆ.

ಗ್ರಂಥಕರ್ತರ ಜೀವನವನ್ನು ತಿಳಿಯದೆ ಗ್ರಂಥದ ಧ್ವನಿ ತಿಳಿಯುವುದು ಕಷ್ಟ. ಹೆಶೆಲ್ 1907ರಲ್ಲಿ ಪೋಲೆಂಡಿನ ವಾರ್ಸಾ ನಗರದಲ್ಲಿ ಹಸಿದಿಯ ಗುರುಗಳ ಮನೆತನದಲ್ಲಿ ಹುಟ್ಟಿದರು. ಬರ್ಲಿನ್ನಿನಲ್ಲಿ ಹೀಬ್ರೂ ಪ್ರವಾದಿಗಳನ್ನು ಕುರಿತು ಸಂಶೋಧನೆ ನಡೆಸಿದರು. 1938ರಲ್ಲಿ ನಾತ್ಸಿ ಆಡಳಿತ ಅವರನ್ನು ಜರ್ಮನಿಯಿಂದ ಹೊರದೂಡಿತು. 1939ರಲ್ಲಿ, ಯುದ್ಧ ಆರಂಭವಾಗುವ ಕೆಲವೇ ವಾರಗಳ ಮೊದಲು, ವಾರ್ಸಾ ಬಿಟ್ಟು ಲಂಡನ್ ಸೇರಿದರು; 1940ರಲ್ಲಿ ಅಮೆರಿಕೆಗೆ ಬಂದರು. ಹಿಂದೆ ಉಳಿದ ತಾಯಿಯೂ ಮೂವರು ಸೋದರಿಯರೂ ಯುದ್ಧ ಮತ್ತು ಹತ್ಯಾಕಾಂಡಗಳ ನಡುವೆ ಇಲ್ಲವಾದರು. ಬೀದಿ, ಮನೆ, ಸಭಾಮಂದಿರ, ಗ್ರಂಥಾಲಯ, ಇವೆಲ್ಲ ಸುಟ್ಟುಹೋದ ಒಂದು ಜನಾಂಗಕ್ಕೆ ಉಳಿದಿರುವ ಪವಿತ್ರಸ್ಥಾನ ಯಾವುದು? ಈ ಪ್ರಶ್ನೆಯನ್ನು ಗ್ರಂಥವು ಎತ್ತಿ ಹೇಳುವುದಿಲ್ಲ. ಆದರೆ ಅದರ ಪ್ರತಿ ಪುಟದ ಹಿಂದೆಯೂ ಅದು ಇದೆ.

ಹೆಶೆಲ್ ಅವರ ಮೂಲ ಪ್ರಮೇಯ ಸರಳವಾದುದು. ಮನುಷ್ಯನು ದೇಶವನ್ನು, ಎಂದರೆ ಸ್ಥಳವನ್ನೂ ವಸ್ತುಗಳನ್ನೂ ಗೆಲ್ಲಲು ಕಾಲವನ್ನು ವ್ಯಯಮಾಡುತ್ತಾನೆ. ವಸ್ತುಗಳು ಕಣ್ಣಿಗೆ ಕಾಣುತ್ತವೆ, ಕೈಗೆ ಸಿಗುತ್ತವೆ, ಕೂಡಿಡಲು ಬರುತ್ತವೆ. ಕಾಲವನ್ನು ಯಾರೂ ಕೂಡಿಡಲಾರರು. ಅನೇಕ ಧರ್ಮಗಳು ಬೆಟ್ಟ, ನದಿ, ಗುಡಿಗಳಲ್ಲಿ ಪವಿತ್ರತೆಯನ್ನು ಕಂಡಿವೆ. ಹೀಬ್ರೂ ಶಾಸ್ತ್ರದಲ್ಲಿ ‘ಪವಿತ್ರ’ ಎಂಬ ಪದ ಮೊದಲು ಬರುವುದು ಯಾವ ಸ್ಥಳಕ್ಕೂ ಅನ್ವಯಿಸಿ ಅಲ್ಲ. ಆದಿಕಾಂಡದ ಎರಡನೆಯ ಅಧ್ಯಾಯದಲ್ಲಿ ಏಳನೆಯ ದಿನಕ್ಕೆ ಅನ್ವಯಿಸಿ ಬರುತ್ತದೆ. ಆದ್ದರಿಂದ ಸಬ್ಬತ್ ಎಂಬುದು ಕಾಲದಲ್ಲಿ ಕಟ್ಟಿದ ಮಂದಿರ. ಅದನ್ನು ಯಾವ ಸೈನ್ಯವೂ ಸುಡಲಾರದು. ದೇಶಭ್ರಷ್ಟನಾದವನೂ ಅದನ್ನು ತನ್ನೊಂದಿಗೆ ಒಯ್ಯಬಲ್ಲನು.

ಈ ಮಂದಿರದ ಗೋಡೆಗಳೆಂದರೆ ನಿಷೇಧಗಳು. ಮಿಷ್ನಾ ಗ್ರಂಥ 39 ಬಗೆಯ ಕೆಲಸಗಳನ್ನು ಆ ದಿನಕ್ಕೆ ನಿಷೇಧಿಸುತ್ತದೆ. ಉಳುವುದು, ಬಿತ್ತುವುದು, ಕೊಯ್ಯುವುದು, ರುಬ್ಬುವುದು, ನೂಲುವುದು, ನೇಯುವುದು, ಬರೆಯುವುದು, ಬರೆದುದನ್ನು ಅಳಿಸುವುದು, ಕಟ್ಟುವುದು, ಕೆಡವುವುದು, ಬೆಂಕಿ ಹೊತ್ತಿಸುವುದು, ನಂದಿಸುವುದು ಇವೆಲ್ಲ ಅದರಲ್ಲಿ ಸೇರಿವೆ. ಈ ಪಟ್ಟಿ ಮನಬಂದಂತೆ ಮಾಡಿದುದಲ್ಲ. ಮೋಶೆಯ ಕಾಲದಲ್ಲಿ ದೇವದರ್ಶನದ ಗುಡಾರವನ್ನು ನಿರ್ಮಿಸಲು ಬೇಕಾದ ಕೆಲಸಗಳೇ ಇವು ಎಂದು ರಬ್ಬಿಗಳು ವಿವರಿಸುತ್ತಾರೆ. ದೇವರ ಗುಡಾರವನ್ನು ಕಟ್ಟುವ ಕೆಲಸವನ್ನು ಕೂಡ ಸಬ್ಬತ್ತಿನ ದಿನ ನಿಲ್ಲಿಸಬೇಕು ಎಂದಮೇಲೆ ಅಂಗಡಿಯನ್ನೋ ಮನೆಯನ್ನೋ ಕಟ್ಟುವ ಕೆಲಸದ ಮಾತೇನು? ಇಲ್ಲಿ ನಿಷಿದ್ಧವಾದುದು ಆಯಾಸವಲ್ಲ. ಪ್ರಪಂಚವನ್ನು ತನ್ನ ಇಚ್ಛೆಯಂತೆ ಮಾರ್ಪಡಿಸುವ ಕ್ರಿಯೆ. ಒಂದು ದಿನದ ಮಟ್ಟಿಗೆ ಮನುಷ್ಯನು ಲೋಕವನ್ನು ತಿದ್ದುವುದನ್ನು ಬಿಟ್ಟು, ಅದು ಇರುವಂತೆ ಇರಲು ಬಿಡಬೇಕು.

ಆದರೆ ಕೇವಲ ಬಿಡುವುದರಿಂದ ವಿಶ್ರಾಂತಿ ಸಿದ್ಧಿಸುವುದಿಲ್ಲ ಎಂಬುದು ಹೆಶೆಲ್ ಅವರ ಮುಂದಿನ ಮಾತು. ಆರು ದಿನಗಳಲ್ಲಿ ಸೃಷ್ಟಿ ಮುಗಿದಿದ್ದರೆ ಏಳನೆಯ ದಿನ ದೇವರು ಏನನ್ನು ಸೃಷ್ಟಿಸಿದನು ಎಂದು ಪ್ರಾಚೀನ ರಬ್ಬಿಗಳು ಕೇಳಿಕೊಂಡರು. ಅವರು ಕಂಡುಕೊಂಡ ಉತ್ತರ ‘ಮೆನೂಹಾ’, ಎಂದರೆ ವಿಶ್ರಾಂತಿ. ಹೀಗೆ ವಿಶ್ರಾಂತಿಯು ಅಭಾವವಲ್ಲ, ಸೃಷ್ಟವಾದ ಒಂದು ಭಾವವಸ್ತು. ಕಲಹವಿಲ್ಲದ, ಭಯವಿಲ್ಲದ, ಅಪೇಕ್ಷೆಯಿಲ್ಲದ ಸ್ಥಿತಿಗೆ ಈ ಹೆಸರು. ಹತ್ತು ಆಜ್ಞೆಗಳಲ್ಲಿ ಕೊನೆಯದು ಪರರ ವಸ್ತುವನ್ನು ಆಶಿಸಬಾರದು ಎಂಬುದು. ಆಶೆಯನ್ನು ಬರಿಯ ನಿಷೇಧದಿಂದ ಗೆಲ್ಲಲಾಗದು. ವಸ್ತುಗಳಿಗಿಂತ ಮೇಲಾದ ಒಂದನ್ನು ಆಶಿಸಲು ಕಲಿತಾಗಲೇ ಅದು ಸಾಧ್ಯ. ಸಬ್ಬತ್ ಅಂಥದೊಂದು ಆಶೆಯನ್ನು ಕಲಿಸುತ್ತದೆ ಎಂದು ಗ್ರಂಥದ ಕೊನೆಯ ಭಾಗ ವಾದಿಸುತ್ತದೆ. ಅಪರಿಗ್ರಹವನ್ನು ಬಲ್ಲ ಓದುಗರಿಗೆ ಈ ಭಾಗ ವಿಶೇಷವಾಗಿ ಪ್ರಿಯವಾದೀತು.

ಸಬ್ಬತ್ ಎಂದರೆ ಶುಷ್ಕ ನಿಯಮಗಳ ಹೊರೆ ಎಂಬ ಭಾವನೆ ಕ್ರೈಸ್ತ ಜಗತ್ತಿನಲ್ಲಿ ಬಹುಕಾಲದಿಂದ ಬೇರೂರಿದೆ. ಈ ಭಾವನೆಯನ್ನು ಹೋಗಲಾಡಿಸಿದುದು ಗ್ರಂಥದ ದೊಡ್ಡ ಉಪಕಾರ. ಶುಕ್ರವಾರದ ಸೂರ್ಯಾಸ್ತಕ್ಕೆ ಮೊದಲೇ ಮನೆಯ ಗೃಹಿಣಿ ದೀಪ ಹಚ್ಚುತ್ತಾಳೆ. ಮೇಜಿನ ಮೇಲೆ ಎರಡು ರೊಟ್ಟಿಗಳನ್ನಿಟ್ಟು, ದ್ರಾಕ್ಷಾರಸದ ಬಟ್ಟಲನ್ನು ಹಿಡಿದು ದಿನವನ್ನು ಪವಿತ್ರಗೊಳಿಸುತ್ತಾರೆ. ಹದಿನಾರನೆಯ ಶತಮಾನದಲ್ಲಿ ಸಫೇದ್ ಪಟ್ಟಣದ ಅನುಭಾವಿಗಳು ಸಬ್ಬತ್ತನ್ನು ವಧುವೆಂದೂ ರಾಣಿಯೆಂದೂ ಭಾವಿಸಿ ಹಾಡಿನಿಂದ ಎದುರುಗೊಳ್ಳುವ ಪದ್ಧತಿಯನ್ನು ಬೆಳೆಸಿದರು. ಆ ದಿನ ಮನುಷ್ಯನಿಗೆ ಇನ್ನೊಂದು ಹೆಚ್ಚಿನ ಆತ್ಮ ದೊರೆಯುತ್ತದೆಂಬ ನಂಬಿಕೆ ತಾಲ್ಮುದ್‌ನಷ್ಟು ಹಳೆಯದು. ಶನಿವಾರ ರಾತ್ರಿ ಸುಗಂಧದ್ರವ್ಯವನ್ನು ಆಘ್ರಾಣಿಸಿ ಆ ದಿನವನ್ನು ಬೀಳ್ಕೊಡುತ್ತಾರೆ. ಪ್ರಾಣಾಪಾಯವಿದ್ದಲ್ಲಿ ಸಬ್ಬತ್ತಿನ ನಿಯಮಗಳನ್ನು ಮುರಿಯುವುದೇ ಧರ್ಮವೆಂದು ರಬ್ಬಿಗಳು ವಿಧಿಸಿದ್ದಾರೆ. ಇಷ್ಟನ್ನು ಅರಿತವನು ಸಬ್ಬತ್ತನ್ನು ನೀರಸವೆಂದು ಹೇಳಲಾರನು.

ಗ್ರಂಥದ ಹೃದಯಭಾಗದಲ್ಲಿ ತಾಲ್ಮುದ್‌ನಿಂದ ತೆಗೆದುಕೊಂಡ ಒಂದು ಕಥೆಯಿದೆ. ರೋಮನ್ನರ ಆಳ್ವಿಕೆಯಲ್ಲಿ ಮೂವರು ರಬ್ಬಿಗಳು ಮಾತನಾಡುತ್ತಿದ್ದರು. ಮಾರುಕಟ್ಟೆ, ಸೇತುವೆ, ಸ್ನಾನಗೃಹಗಳನ್ನು ಕಟ್ಟಿಸಿದ ರೋಮನ್ನರನ್ನು ಒಬ್ಬರು ಹೊಗಳಿದರು, ಇನ್ನೊಬ್ಬರು ಮೌನವಾಗಿದ್ದರು. ಶಿಮೋನ್ ಬಾರ್ ಯೋಹಾಯ್ ಮಾತ್ರ, ಇವೆಲ್ಲವನ್ನೂ ಅವರು ತಮ್ಮ ಸುಖಕ್ಕೂ ಸುಂಕಕ್ಕೂ ಕಟ್ಟಿದರೆಂದು ಟೀಕಿಸಿದರು. ಮಾತು ಅಧಿಕಾರಿಗಳ ಕಿವಿಗೆ ಬಿದ್ದು ಮರಣದಂಡನೆಯ ಆಜ್ಞೆ ಹೊರಟಿತು. ಅವರು ಮಗನೊಂದಿಗೆ ಗುಹೆಯೊಂದರಲ್ಲಿ ಅಡಗಿ 12 ವರ್ಷ ಪ್ರಾರ್ಥನೆ, ಅಧ್ಯಯನಗಳಲ್ಲಿ ಕಳೆದರು. ಹೊರಬಂದಾಗ ಜನರು ಉಳುತ್ತ ಬಿತ್ತುತ್ತ ಇರುವುದನ್ನು ಕಂಡು, ಶಾಶ್ವತವಾದುದನ್ನು ಬಿಟ್ಟು ಕ್ಷಣಿಕವಾದುದರಲ್ಲಿ ಮುಳುಗಿದ್ದಾರಲ್ಲಾ ಎಂದು ಕೋಪಗೊಂಡರು. ಅವರ ದೃಷ್ಟಿ ಬಿದ್ದಲ್ಲೆಲ್ಲ ಸುಟ್ಟುಹೋಯಿತು. ಲೋಕವನ್ನು ನಾಶಮಾಡಲು ಬಂದಿರಾ ಎಂದು ಆಕಾಶವಾಣಿ ಅವರನ್ನು ಗದರಿಸಿ ಮತ್ತೆ ಗುಹೆಗೆ ಕಳುಹಿಸಿತು. ಇನ್ನೂ 12 ತಿಂಗಳು ಕಳೆದು ಹೊರಬಂದಾಗ, ಸಬ್ಬತ್ತಿನ ಹಿಂದಿನ ಸಂಜೆ ಮುದುಕನೊಬ್ಬ ಸುಗಂಧದ ಸೊಪ್ಪಿನ ಎರಡು ಕಟ್ಟುಗಳನ್ನು ಹಿಡಿದು ಓಡುತ್ತಿದ್ದ. ಸಬ್ಬತ್ತಿನ ಗೌರವಕ್ಕಾಗಿ ಅವು ಎಂದು ಅವನು ಹೇಳಿದ. ಒಂದು ಕಟ್ಟು ಸಾಲದೇ ಎಂದು ಕೇಳಿದಾಗ, ಒಂದು ‘ಸ್ಮರಿಸು’ ಎಂಬ ಆಜ್ಞೆಗೆ, ಇನ್ನೊಂದು ‘ಪಾಲಿಸು’ ಎಂಬ ಆಜ್ಞೆಗೆ ಎಂದು ಉತ್ತರವಿತ್ತ. ಆಗ ಅವರ ಮನಸ್ಸು ಶಾಂತವಾಯಿತು.

ಈ ಕಥೆಯನ್ನು ಹೆಶೆಲ್ ವಿವರಿಸುವ ರೀತಿ ಅಪೂರ್ವವಾಗಿದೆ. ಲೋಕವನ್ನು ತೊರೆದ ತಪಸ್ವಿಗೂ ಲೋಕದಲ್ಲಿ ಮುಳುಗಿದ ರೈತನಿಗೂ ನಡುವೆ ಸೇತುವೆಯಾಗುವುದು ಸಬ್ಬತ್. ಆರು ದಿನ ಹೊಲದಲ್ಲಿರುವ ಗೃಹಸ್ಥನೂ ಏಳನೆಯ ದಿನ ಶಾಶ್ವತವಾದುದನ್ನು ಸವಿಯಬಲ್ಲನೆಂಬ ಭರವಸೆಯನ್ನು ಆ ಎರಡು ಕಟ್ಟು ಸೊಪ್ಪು ಕೊಟ್ಟಿತು. ಇಷ್ಟರವರೆಗೆ ಆಕ್ಷೇಪಿಸಲು ಏನೂ ಇಲ್ಲ. ಆದರೆ ಕಟ್ಟುಗಳು ಎರಡೇಕೆ ಎಂಬ ಪ್ರಶ್ನೆಯನ್ನು ಇನ್ನಷ್ಟು ಮುಂದಕ್ಕೆ ಒಯ್ಯಬೇಕಾಗಿತ್ತು.

ಹತ್ತು ಆಜ್ಞೆಗಳು ಬೈಬಲ್ಲಿನಲ್ಲಿ ಎರಡು ಕಡೆ ಬರುತ್ತವೆ. ‘ಸ್ಮರಿಸು’ ಎಂಬುದು ವಿಮೋಚನಕಾಂಡದ 20ನೆಯ ಅಧ್ಯಾಯದ ಪಾಠ. ‘ಪಾಲಿಸು’ ಎಂಬುದು ಧರ್ಮೋಪದೇಶಕಾಂಡದ 5ನೆಯ ಅಧ್ಯಾಯದ ಪಾಠ. ಮನೆಯವರೊಂದಿಗೆ ಆಳುಗಳಿಗೂ ಪಶುಗಳಿಗೂ ಬಿಡುವು ಕೊಡಬೇಕೆಂದು ಎರಡೂ ಕಡೆ ಹೇಳಿದೆ. ಭೇದವಿರುವುದು ಕಾರಣದಲ್ಲಿ. ಮೊದಲನೆಯದರಲ್ಲಿ, ದೇವರು ಆರು ದಿನಗಳಲ್ಲಿ ಸೃಷ್ಟಿಯನ್ನು ಮುಗಿಸಿ ಏಳನೆಯ ದಿನ ವಿಶ್ರಮಿಸಿದನು, ಆದ್ದರಿಂದ ಈ ದಿನ ಪವಿತ್ರ ಎಂದಿದೆ. ಎರಡನೆಯದರಲ್ಲಿ ಸೃಷ್ಟಿಯ ಮಾತೇ ಇಲ್ಲ. ಎತ್ತು, ಕತ್ತೆಗಳನ್ನು ಹೆಸರಿಸಿ ಹೇಳಿ, ಆಳುಮಕ್ಕಳು ಯಜಮಾನನಂತೆಯೇ ವಿಶ್ರಮಿಸಬೇಕೆಂದು ವಿಧಿಸಿ, ಈಜಿಪ್ಟಿನಲ್ಲಿ ನೀನೂ ದಾಸನಾಗಿದ್ದುದನ್ನು ನೆನಪಿನಲ್ಲಿಡು ಎಂದು ಕಾರಣ ಕೊಡಲಾಗಿದೆ. ಫರೋಹನ ಆಳ್ವಿಕೆಯಲ್ಲಿ ಇಟ್ಟಿಗೆ ಹೊರುತ್ತಿದ್ದವನಿಗೆ ಬಿಡುವಿನ ದಿನವಿರಲಿಲ್ಲ. ಬಿಡುಗಡೆ ಪಡೆದವನು ಮತ್ತೊಬ್ಬನಿಗೆ ಫರೋಹನಾಗಬಾರದು. ಒಂದು ಕಟ್ಟು ಆಕಾಶದ ಕಡೆಗೆ ಮುಖಮಾಡಿದ್ದರೆ ಇನ್ನೊಂದು ಕೊಟ್ಟಿಗೆ, ಅಡುಗೆಮನೆ, ಕಣಗಳ ಕಡೆಗೆ ಮುಖಮಾಡಿದೆ.

ಹೆಶೆಲ್ ಅವರ ಗ್ರಂಥದ ತೂಕವೆಲ್ಲ ಮೊದಲನೆಯ ಕಟ್ಟಿನ ಮೇಲೆ ಬಿದ್ದಿದೆ. ವಸ್ತುಗಳ ದಾಸ್ಯದಿಂದ ಮನುಷ್ಯನಿಗೆ ಬಿಡುಗಡೆ ಬೇಕೆಂದು ಅವರು ಮನಮುಟ್ಟುವಂತೆ ಬರೆಯುತ್ತಾರೆ. ಮನುಷ್ಯನಿಗೆ ದಾಸನಾದ ಮನುಷ್ಯನು ಮಾತ್ರ ಆ ಪುಟಗಳ ಅಂಚಿನಲ್ಲಿಯೇ ಉಳಿಯುತ್ತಾನೆ. ರಾಣಿಯ ಆಗಮನದ ವರ್ಣನೆಯಿದೆ. ರಾಣಿ ಬರುವ ಮೊದಲು ಮನೆ ಗುಡಿಸಿ, ಹಿಟ್ಟು ನಾದಿ, ಎರಡು ದಿನದ ಅಡುಗೆಯನ್ನು ಒಂದೇ ಹಗಲಿನಲ್ಲಿ ಮುಗಿಸಿದ ಕೈಗಳ ವಿಷಯದಲ್ಲಿ ಅಷ್ಟು ವಿಚಾರವಿಲ್ಲ. 2005ರ ಆವೃತ್ತಿಗೆ ಅವರ ಮಗಳು ಸುಸಾನಾ ಹೆಶೆಲ್ ಬರೆದ ಪ್ರಸ್ತಾವನೆ ಆ ಮನೆಯ ಶುಕ್ರವಾರದ ಚಿತ್ರವನ್ನು ಓದುಗರ ಮುಂದಿಟ್ಟಿತು. ತಂದೆಯ ಪುಟಗಳ ಪಕ್ಕದಲ್ಲಿ ಆ ಚಿತ್ರವನ್ನಿಟ್ಟು ಓದಿದಾಗ ಗ್ರಂಥ ಹೆಚ್ಚು ಪೂರ್ಣವಾಗುತ್ತದೆ.

ಇದು ಅಲಂಕಾರದ ಕೊರತೆಯಲ್ಲ, ನೀತಿಯ ಪ್ರಶ್ನೆ. ತನಗೆ ನಿಷಿದ್ಧವಾದ ಕೆಲಸವನ್ನು ಅನ್ಯಮತೀಯನಿಂದಲೂ ಮಾಡಿಸಬಾರದು ಎಂಬುದು ರಬ್ಬಿಗಳ ಮೂಲ ನಿಲುವು. ಆದರೂ ಯೂರೋಪಿನ ಕೊರೆಯುವ ಚಳಿಯಲ್ಲಿ ಒಲೆ ಹೊತ್ತಿಸಲು ನೆರೆಯ ಕ್ರೈಸ್ತನನ್ನು ಕರೆಯುವ ವಾಡಿಕೆ ಬೆಳೆಯಿತು. ಎಷ್ಟರಮಟ್ಟಿಗೆ ಇದು ಸಲ್ಲುತ್ತದೆ ಎಂಬ ಬಗ್ಗೆ ಶತಮಾನಗಳ ಕಾಲ ಶಾಸ್ತ್ರಚರ್ಚೆ ನಡೆಯಿತು. ತಾನು ಮಾಡುವುದು ಬೇರೆ, ಇನ್ನೊಬ್ಬನಿಂದ ಮಾಡಿಸುವುದು ಬೇರೆ ಎಂದು ಸಮಾಧಾನಪಟ್ಟುಕೊಳ್ಳಲು ಆ ಶಾಸ್ತ್ರಜ್ಞರ ಮನಸ್ಸು ಸುಲಭವಾಗಿ ಒಪ್ಪಲಿಲ್ಲವೆಂಬುದು ಅವರ ಹೆಗ್ಗಳಿಕೆ. ಕಾಲದ ಮಂದಿರವನ್ನು ವರ್ಣಿಸುವ ಗ್ರಂಥವು ಈ ಚರ್ಚೆಗೆ ಇನ್ನಷ್ಟು ಸ್ಥಳ ಕೊಟ್ಟಿದ್ದರೆ ಆ ಮಂದಿರದ ಬಾಗಿಲು ಇನ್ನಷ್ಟು ಅಗಲವಾಗುತ್ತಿತ್ತು.

ಗ್ರಂಥದಲ್ಲಿ ಕಡಮೆಯಾದುದನ್ನು ಗ್ರಂಥಕರ್ತರ ಬಾಳು ತುಂಬಿಕೊಟ್ಟಿತು ಎಂಬುದನ್ನೂ ನ್ಯಾಯವಾಗಿ ಹೇಳಬೇಕು. 1963ರಲ್ಲಿ ಷಿಕಾಗೋ ನಗರದಲ್ಲಿ ಧರ್ಮ ಮತ್ತು ವರ್ಣಭೇದವನ್ನು ಕುರಿತು ನಡೆದ ಸಮ್ಮೇಳನದಲ್ಲಿ ಹೆಶೆಲ್, ಈ ವಿಷಯವನ್ನು ಕುರಿತ ಮೊದಲ ಸಮ್ಮೇಳನ ನಡೆದುದು ಮೋಶೆಗೂ ಫರೋಹನಿಗೂ ನಡುವೆ ಎಂಬ ಅರ್ಥದ ಮಾತನ್ನಾಡಿದರು. 1965ರಲ್ಲಿ ಸೆಲ್ಮಾದಲ್ಲಿ ಕರಿಯರ ಮತದಾನದ ಹಕ್ಕಿಗಾಗಿ ಮಾರ್ಟಿನ್ ಲೂಥರ್ ಕಿಂಗ್ ಅವರೊಂದಿಗೆ ಮುಂಚೂಣಿಯಲ್ಲಿ ನಡೆದರು. ‘ಪಾಲಿಸು’ ಎಂಬ ಎರಡನೆಯ ಕಟ್ಟನ್ನು ಅವರು ಬೀದಿಯಲ್ಲಿ ಹೊತ್ತರು. 1972ರ ಡಿಸೆಂಬರ್ 23ರಂದು ಅವರು ನಿದ್ರೆಯಲ್ಲಿಯೇ ತೀರಿಕೊಂಡರು. ಅಂದು ಶನಿವಾರ, ಸಬ್ಬತ್ತಿನ ದಿನ.

ಕ್ರೈಸ್ತ ಚಿಂತನೆಯಲ್ಲಿ ಈ ಎರಡು ಆಜ್ಞೆಗಳ ಗತಿ ಏನಾಯಿತೆಂಬುದನ್ನು ನೋಡಿದರೆ ವಿಷಯ ಇನ್ನೂ ಸ್ಪಷ್ಟವಾಗುತ್ತದೆ. ಯೇಸು ಸಬ್ಬತ್ತಿನ ದಿನ ರೋಗಿಗಳನ್ನು ಗುಣಪಡಿಸಿದುದು, ಶಿಷ್ಯರು ಹಸಿವಿನಿಂದ ತೆನೆ ಕಿತ್ತು ತಿಂದುದು ಸುವಾರ್ತೆಗಳಲ್ಲಿ ವಾದಕ್ಕೆ ಕಾರಣವಾದುವು. ಸಬ್ಬತ್ ಇರುವುದು ಮನುಷ್ಯನಿಗಾಗಿ ಎಂಬ ತಾತ್ಪರ್ಯದ ಮಾತು ಮಾರ್ಕನ ಸುವಾರ್ತೆಯಲ್ಲಿದೆ. ಅದೇ ತಾತ್ಪರ್ಯದ ರಬ್ಬಿಯೊಬ್ಬರ ಮಾತು ತಾಲ್ಮುದ್‌ನಲ್ಲಿಯೂ ಇದೆ. ಆದ್ದರಿಂದ ಇದು ಎರಡು ಧರ್ಮಗಳ ನಡುವಿನ ಜಗಳವಲ್ಲ, ಒಂದೇ ಮನೆಯೊಳಗಿನ ಚರ್ಚೆ ಎನ್ನುವುದು ಸರಿಯಾದುದು. ಮುಂದೆ ಕ್ರೈಸ್ತರು ಪುನರುತ್ಥಾನದ ನೆನಪಿಗಾಗಿ ವಾರದ ಮೊದಲ ದಿನವನ್ನು ಕರ್ತನ ದಿನವೆಂದು ಆಚರಿಸತೊಡಗಿದರು. ಇಬ್ರಿಯರಿಗೆ ಬರೆದ ಪತ್ರಿಕೆ ಸಬ್ಬತ್ತನ್ನು ಇನ್ನೂ ಪ್ರವೇಶಿಸಬೇಕಾದ ಒಂದು ವಿಶ್ರಾಂತಿಯೆಂದು ಅರ್ಥೈಸಿತು. ಸಂತ ಆಗಸ್ಟೀನನು ತನ್ನ ಆತ್ಮಕಥನವನ್ನು ಹೃದಯದ ಅಶಾಂತಿಯ ಮಾತಿನಿಂದ ತೊಡಗಿ, ಸಂಜೆಯೇ ಇಲ್ಲದ ಸಬ್ಬತ್ತಿನ ಪ್ರಾರ್ಥನೆಯಿಂದ ಮುಗಿಸಿದನು. ಹೀಗೆ ವಿಶ್ರಾಂತಿಯು ದಿನದಿಂದ ಹೃದಯಕ್ಕೂ, ಹೃದಯದಿಂದ ಪರಲೋಕಕ್ಕೂ ಏರಿತು. ಅರ್ಥ ಆಳವಾಯಿತು, ನಿಜ. ಆದರೆ ಹೃದಯದಲ್ಲಿ ಮಾತ್ರ ಇರುವ ಸಬ್ಬತ್ ಎತ್ತಿನ ನೊಗವನ್ನು ಇಳಿಸುವುದಿಲ್ಲ.

ಕ್ರಿ.ಶ. 321ರಲ್ಲಿ ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನ್ ಭಾನುವಾರವನ್ನು ಬಿಡುವಿನ ದಿನವೆಂದು ಆಜ್ಞಾಪಿಸಿದನು. ನ್ಯಾಯಾಧೀಶರಿಗೂ ನಗರವಾಸಿಗಳಿಗೂ ಕುಶಲಕರ್ಮಿಗಳಿಗೂ ಬಿಡುವು. ಹೊಲದ ಕೆಲಸಕ್ಕೆ ಮಾತ್ರ ವಿನಾಯಿತಿ, ಹದ ತಪ್ಪಬಾರದೆಂದು. ಧರ್ಮೋಪದೇಶಕಾಂಡ ಯಾರನ್ನು ಮೊದಲು ನೆನೆಯಿತೋ ಅವರೇ, ಹೊಲದ ಆಳು ಮತ್ತು ಎತ್ತು, ಆ ಆಜ್ಞೆಯಿಂದ ಹೊರಗುಳಿದರು. ಹದಿನಾರನೆಯ ಶತಮಾನದಲ್ಲಿ ಕ್ಯಾಲ್ವಿನ್ ಈ ಆಜ್ಞೆಗೆ ಮೂರು ಪ್ರಯೋಜನಗಳನ್ನು ಹೇಳಿದನು: ಮನುಷ್ಯನು ತನ್ನ ಕಾರ್ಯಗಳನ್ನು ಬಿಟ್ಟು ದೇವರು ತನ್ನಲ್ಲಿ ಕಾರ್ಯಮಾಡಲು ಎಡೆಗೊಡುವುದು, ಸಾಮೂಹಿಕ ಆರಾಧನೆಗೆ ಒಂದು ಗೊತ್ತಾದ ದಿನ, ಪರಾಧೀನರಾದ ಸೇವಕರಿಗೆ ಬಿಡುವು. ಮೂರನೆಯದನ್ನು ಅವನು ಮರೆಯಲಿಲ್ಲವೆಂಬುದು ಗಮನಾರ್ಹ. ಅವನ ಪರಂಪರೆಯ ಇಂಗ್ಲೆಂಡಿನ ಪ್ಯೂರಿಟನ್ನರು ಮಾತ್ರ ಭಾನುವಾರದ ಆಟಪಾಟಗಳನ್ನೂ ನಿಷೇಧಿಸಹೊರಟು, 1618ರಲ್ಲಿ ಅವುಗಳಿಗೆ ಅನುಮತಿಯಿತ್ತ ಅರಸ ಜೇಮ್ಸ್‌ನ ಘೋಷಣೆಯನ್ನು ಕಟುವಾಗಿ ವಿರೋಧಿಸಿದರು. ವಾರದಲ್ಲಿ ಒಂದೇ ದಿನ ಬಿಡುವಿದ್ದ ಬಡವನಿಗೆ ಆ ದಿನದ ನಗುವೂ ಅಪರಾಧವಾಗುವುದರಲ್ಲಿತ್ತು.

ಹೆಶೆಲ್ ಅವರ ಗ್ರಂಥ ಹೊರಬಂದ 1951ರಲ್ಲಿಯೇ ಸ್ವಿಟ್ಜರ್‌ಲೆಂಡಿನ ದೇವಶಾಸ್ತ್ರಜ್ಞ ಕಾರ್ಲ್ ಬಾರ್ತ್ ತಮ್ಮ ಬೃಹದ್ಗ್ರಂಥದ ನೀತಿಭಾಗವೊಂದನ್ನು ಪ್ರಕಟಿಸಿ, ಅದರಲ್ಲಿ ಮೊದಲ ಸ್ಥಾನವನ್ನು ಬಿಡುವಿನ ದಿನಕ್ಕೆ ಕೊಟ್ಟರು. ಆರನೆಯ ದಿನ ಸೃಷ್ಟನಾದ ಮನುಷ್ಯನಿಗೆ ದೇವರ ಏಳನೆಯ ದಿನವೇ ಮೊದಲನೆಯ ದಿನ. ಆದ್ದರಿಂದ ಅವನ ಬಾಳು ದುಡಿಮೆಯಿಂದಲ್ಲ, ಯಾವುದನ್ನೂ ಗಳಿಸುವ ಮೊದಲೇ ದೊರೆತ ವಿಶ್ರಾಂತಿಯಿಂದ ಆರಂಭವಾಗುತ್ತದೆ ಎಂಬುದು ಅವರ ವಿಚಾರ. 1985ರಲ್ಲಿ ಯೂರ್ಗೆನ್ ಮೋಲ್ಟ್‌ಮನ್ ಸೃಷ್ಟಿಯ ಕಿರೀಟ ಮನುಷ್ಯನಲ್ಲ, ಸಬ್ಬತ್ ಎಂದು ವಾದಿಸಿ, ಏಳನೆಯ ವರ್ಷ ಭೂಮಿಯನ್ನೂ ಬೀಳುಬಿಡಬೇಕೆಂಬ ಹಳೆಯ ವಿಧಿಯನ್ನು ಪರಿಸರದ ಪ್ರಶ್ನೆಗೆ ಜೋಡಿಸಿದರು. ಹೆಶೆಲ್‌ರ ಗ್ರಂಥದಲ್ಲಿ ಹಿನ್ನೆಲೆಗೆ ಸರಿದಿದ್ದ ಮಣ್ಣು ಮತ್ತು ಪಶು ಇಲ್ಲಿ ಮತ್ತೆ ಮುಂದೆ ಬಂದಿವೆ.

ಒಂದು ಮತದ ವಿಶ್ರಾಂತಿ ರಾಜ್ಯದ ಕಾನೂನಾದಾಗ ಇನ್ನೊಂದು ತೊಡಕು ಹುಟ್ಟುತ್ತದೆ. ಭಾನುವಾರ ಅಂಗಡಿ ಮುಚ್ಚಬೇಕೆಂಬ ಪೆನ್ಸಿಲ್ವೇನಿಯದ ಕಾನೂನಿನಿಂದ, ಶನಿವಾರವನ್ನು ಪಾಲಿಸುವ ಯೆಹೂದ್ಯ ವರ್ತಕರು ವಾರಕ್ಕೆ ಎರಡು ದಿನದ ವ್ಯಾಪಾರ ಕಳೆದುಕೊಳ್ಳಬೇಕಾಯಿತು. 1961ರಲ್ಲಿ ಅಮೆರಿಕೆಯ ಸರ್ವೋಚ್ಚ ನ್ಯಾಯಾಲಯ ಅವರ ಮೊರೆಯನ್ನು ಒಪ್ಪಲಿಲ್ಲ. 2023ರಲ್ಲಿ ಅದೇ ನ್ಯಾಯಾಲಯ, ಭಾನುವಾರ ಕೆಲಸಮಾಡಲೊಲ್ಲದ ಕ್ರೈಸ್ತ ಅಂಚೆ ನೌಕರನೊಬ್ಬನ ಮೊಕದ್ದಮೆಯಲ್ಲಿ, ಇಂಥ ವಿನಂತಿಯನ್ನು ನಿರಾಕರಿಸುವ ಧಣಿಯು ತನ್ನ ವ್ಯವಹಾರಕ್ಕೆ ಗಣನೀಯವಾದ ಹೊರೆ ಬೀಳುವುದನ್ನು ತೋರಿಸಬೇಕು ಎಂದು ಏಕಮತದಿಂದ ತೀರ್ಪಿತ್ತಿತು. ಒಂದು ಕಾಲಕ್ಕೆ ಕಾನೂನಿನ ಬೆಂಬಲವಿದ್ದ ಭಾನುವಾರವೂ ಈಗ ರಕ್ಷಣೆಗಾಗಿ ನ್ಯಾಯಾಲಯದ ಮೆಟ್ಟಿಲೇರುವಂತಾಗಿದೆ. ಎಲ್ಲ ಹೊತ್ತಿನಲ್ಲಿಯೂ ಸರಕು ಮನೆಬಾಗಿಲಿಗೆ ಬರಬೇಕೆಂಬ ಇಂದಿನ ಜೀವನದಲ್ಲಿ ಒಬ್ಬನ ಬಿಡುವೆಂದರೆ ಇನ್ನೊಬ್ಬನ ಓಟ.

ಸಬ್ಬತ್ತಿನ ಈ ಎರಡನೆಯ ಮುಖವನ್ನು ಕಾಣಲು ದೂರ ಹೋಗಬೇಕಾಗಿಲ್ಲ. ಕೊಂಕಣ ತೀರದ ಹಳ್ಳಿಗಳಲ್ಲಿ ಶತಮಾನಗಳಿಂದ ನೆಲೆಸಿದ್ದ ಬೆನೆ ಇಸ್ರೇಲ್ ಎಂಬ ಯೆಹೂದ್ಯರ ಮುಖ್ಯ ಕಸುಬು ಎಣ್ಣೆ ತೆಗೆಯುವುದು. ಉಳಿದ ಯೆಹೂದ್ಯ ಲೋಕದಿಂದ ಬಹುಕಾಲ ದೂರವಾಗಿದ್ದರೂ ಅವರು ಶನಿವಾರದ ಬಿಡುವನ್ನು ಬಿಡಲಿಲ್ಲ. ನೆರೆಹೊರೆಯವರು ಅವರನ್ನು ‘ಶನಿವಾರ ತೇಲಿ’, ಎಂದರೆ ಶನಿವಾರದ ಗಾಣಿಗರು, ಎಂದು ಕರೆದರು. 1948ರ ನಂತರ ಅವರಲ್ಲಿ ಬಹುಮಂದಿ ಇಸ್ರೇಲಿಗೆ ತೆರಳಿದರು. ಅವರ ಶಾಸ್ತ್ರವನ್ನು ನೆರೆಯವರು ಓದಿರಲಿಲ್ಲ, ಪ್ರಾರ್ಥನೆಯ ಭಾಷೆಯನ್ನು ಅರಿತಿರಲಿಲ್ಲ. ಗಾಣ ನಿಂತುದನ್ನು ಮಾತ್ರ ಕಂಡಿದ್ದರು. ಗಾಣ ನಿಂತ ದಿನ ಎತ್ತಿನ ಹೆಗಲಿನಿಂದ ನೊಗ ಇಳಿಯುತ್ತದೆ.

ಹೆಶೆಲ್ ಅವರ ಗ್ರಂಥವನ್ನು ಓದಿದವನು ವಿಶ್ರಾಂತಿಯನ್ನು ಇನ್ನೆಂದೂ ಸೋಮಾರಿತನವೆಂದು ಭಾವಿಸಲಾರನು. ಅಷ್ಟನ್ನು ಸಾಧಿಸಿದ ಗ್ರಂಥ ಚಿರಕಾಲ ಬಾಳತಕ್ಕದ್ದು. ಆದರೆ ಅದನ್ನು ಧರ್ಮೋಪದೇಶಕಾಂಡದ ಆ ಅಧ್ಯಾಯದೊಂದಿಗೆ ಸೇರಿಸಿ ಓದಬೇಕು. ಬಿಡುವಿನ ದಿನ ತನ್ನ ಮನೆಯಲ್ಲಿ ಯಾರು ವಿಶ್ರಮಿಸಿದರು ಎಂದು ಕೇಳುವುದರ ಜೊತೆಗೆ, ಆ ವಿಶ್ರಾಂತಿಗಾಗಿ ಯಾರು ವಿಶ್ರಮಿಸಲಿಲ್ಲ ಎಂದು ಕೇಳುವುದನ್ನೂ ಯಜಮಾನನಾದವನು ಕಲಿತಾಗ ಎರಡು ಆಜ್ಞೆಗಳೂ ಕೂಡಿ ನಡೆಯುತ್ತವೆ.